ಬಿಲ್ ಬುಕ್ಕಿನ ಹಿಂದಿನ ಗೀಚು ವೇಸ್ಟ್ ಅಲ್ರಿ: ಅಮೂರ್ತ ಚಿತ್ರ ಬಿಡಿಸಿದ್ರೆ ಮನಸ್ಸಿಗೆ ಏನಾಗುತ್ತೆ?

ಕಲಬುರಗಿ: ಅಂಗಡಿಯಲ್ಲಿ ಕೂತು ಫೋನಿನಲ್ಲಿ ಮಾತಾಡುವಾಗ ಕೈಗೊಂದು ಪೆನ್ ಸಿಕ್ಕರೆ ಏನಾಗುತ್ತೆ? ಬಿಲ್ ಬುಕ್ಕಿನ ಹಿಂಬದಿಯಲ್ಲಿ ಗೆರೆ, ಸೊನ್ನೆ, ಡಬ್ಬಿ, ಸುರುಳಿ ತಾವಾಗಿಯೇ ಮೂಡುತ್ತವೆ. ಆ ಕಡೆಯವರು ಉದ್ರಿ ಬಾಕಿ ಕೇಳುತ್ತಿದ್ದರೆ ಗೆರೆ ಗಟ್ಟಿಯಾಗಿ ಬೀಳುತ್ತದೆ. ಬೀಗರ ಮನೆಯ ಸುದ್ದಿ ಇದ್ದರೆ ಸುರುಳಿ ಉದ್ದವಾಗುತ್ತದೆ. ಫೋನ್ ಇಟ್ಟ ಮೇಲೆ ಹಾಳೆ ಹರಿದು ಬುಟ್ಟಿಗೆ ಹಾಕುತ್ತೇವೆ. ‘ಸುಮ್ನೆ ಗೀಚಿದ್ದು’ ಅಂತೇವೆ.

ಆದರೆ ಆ ಗೀಚು ಅಷ್ಟು ಸುಮ್ಮನೆ ಅಲ್ಲ. ಏನನ್ನೂ ಹೋಲದ, ಬರೀ ಗೆರೆ–ಬಣ್ಣದ ಇಂಥ ಚಿತ್ರವನ್ನು ಬೇಕಂತಲೇ, ಗಮನ ಇಟ್ಟು ಬಿಡಿಸಿದರೆ ಮನಸ್ಸು ಸ್ವಲ್ಪ ಹಗುರಾಗುತ್ತದೆ, ನಮ್ಮನ್ನು ನಾವೇ ನೋಡಿಕೊಳ್ಳಲು ಒಂದು ದಾರಿಯಾಗುತ್ತದೆ ಎಂದು ಕಲಾವಿದರೂ ಹೇಳಿದ್ದಾರೆ, ಮನೋವಿಜ್ಞಾನಿಗಳೂ ಪರೀಕ್ಷೆ ಮಾಡಿ ನೋಡಿದ್ದಾರೆ. ಇದಕ್ಕೆ ಚಿತ್ರಕಲೆ ಕಲಿತಿರಬೇಕಂತಿಲ್ಲ. ಖರ್ಚೂ ಹೆಚ್ಚಿಲ್ಲ. ಇದೇನು, ಹೇಗೆ ಮಾಡೋದು, ಎಲ್ಲಿಯವರೆಗೆ ನಂಬಬಹುದು ಎಂಬ ವಿವರ ಇಲ್ಲಿದೆ.

ಅಮೂರ್ತ ಚಿತ್ರ ಅಂದ್ರೇನು?

ಕಮಲಾಪುರದ ಕೆಂಪು ಬಾಳೆಹಣ್ಣನ್ನೇ ತಗೊಳ್ಳಿ. ಭೌಗೋಳಿಕ ಗುರುತು, ಅಂದ್ರೆ ಜಿಐ ಟ್ಯಾಗ್ ಸಿಕ್ಕಿರುವ ಹಣ್ಣು ಅದು. ಒಬ್ಬರು ಅದನ್ನು ನೋಡಿ ಬಾಳೆಹಣ್ಣಿನ ಹಾಗೇ ಕಾಣುವಂತೆ ಬಿಡಿಸಿದರೆ ಅದು ಮೂರ್ತ ಚಿತ್ರ. ನೋಡಿದ ಮಗು ಕೂಡ ‘ಬಾಳೆಹಣ್ಣು’ ಎನ್ನುತ್ತದೆ.

ಇನ್ನೊಬ್ಬರು ಹಣ್ಣಿನ ಆಕಾರ ಬಿಟ್ಟು ಅದರ ಬಣ್ಣವನ್ನಷ್ಟೇ ನೋಡುತ್ತಾರೆ. ಹತ್ತಿರದಿಂದ ನೋಡಿದರೆ ಆ ಸಿಪ್ಪೆಯಲ್ಲಿ ಇರುವುದು ಒಂದೇ ಕೆಂಪಲ್ಲ. ಎಲ್ಲೋ ಕಂದು, ಎಲ್ಲೋ ನೇರಳೆ ಛಾಯೆ, ತೊಟ್ಟಿನ ಹತ್ತಿರ ತುಸು ಹಸಿರು, ಮಾಗಿದ ಕಡೆ ಕಪ್ಪು ಚುಕ್ಕಿ. ಆ ಬಣ್ಣಗಳನ್ನು ಮಾತ್ರ ಹಾಳೆಯ ಮೇಲೆ ಒಂದರ ಪಕ್ಕ ಒಂದು ಹಚ್ಚಿದರೆ ಅದು ಅಮೂರ್ತ ಚಿತ್ರ. ನೋಡಿದವರಿಗೆ ಬಾಳೆಹಣ್ಣು ಕಾಣುವುದಿಲ್ಲ. ಆದರೆ ಬಿಡಿಸಿದವರು ಆ ಹಣ್ಣನ್ನು ಅದುವರೆಗೆ ಯಾವತ್ತೂ ಅಷ್ಟು ಹೊತ್ತು ನೋಡಿರುವುದಿಲ್ಲ.

ಇಲ್ಲಿ ಮುಖ್ಯವಾದದ್ದು ಆ ‘ಅಷ್ಟು ಹೊತ್ತು ನೋಡಿದ್ದು’. ಈಗ ಎಲ್ಲ ಕಡೆ ಕೇಳಿಬರುವ ‘ಮೈಂಡ್‌ಫುಲ್‌ನೆಸ್’ ಎಂಬ ಮಾತಿನ ಅರ್ಥವೂ ಹೆಚ್ಚು ಕಡಿಮೆ ಅದೇ. ಈ ಕ್ಷಣ ಏನಿದೆಯೋ ಅದರ ಮೇಲೆ ಗಮನ ಇಡುವುದು, ಒಳ್ಳೇದು ಕೆಟ್ಟದ್ದು ಎಂದು ತಕ್ಷಣ ತೀರ್ಪು ಕೊಡದಿರುವುದು. 1979ರಲ್ಲಿ ಅಮೆರಿಕದ ಜಾನ್ ಕಬಾಟ್–ಝಿನ್ ಬೌದ್ಧ ಧ್ಯಾನದಿಂದ ಈ ಅಭ್ಯಾಸ ತೆಗೆದುಕೊಂಡು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ನೋವು, ಒತ್ತಡದಿಂದ ಬಳಲುವವರಿಗೆ ಕಲಿಸಲು ಶುರು ಮಾಡಿದರು. ಅಲ್ಲಿಂದ ಆ ಹೆಸರು ಜಗತ್ತಿಗೆಲ್ಲ ಹಬ್ಬಿತು.

‘ನನಗ ಚಿತ್ರ ಬರಂಗಿಲ್ರಿ’

ಇಷ್ಟು ಹೇಳಿದರೆ ನೂರಕ್ಕೆ ತೊಂಬತ್ತು ಮಂದಿ ಕೊಡುವ ಉತ್ತರ ಒಂದೇ: ‘ನನಗ ಚಿತ್ರ ಬರಂಗಿಲ್ರಿ.’

ಕಲಬುರಗಿಯಲ್ಲಿ ಈ ಅಂಜಿಕೆಗೆ ಇನ್ನೂ ಒಂದು ಕಾರಣ ಇದೆ. ಇದು ದೊಡ್ಡ ಚಿತ್ರಕಾರರ ಊರು. ಡಾ. ಎಸ್.ಎಂ. ಪಂಡಿತ್ ರಂಗಮಂದಿರಕ್ಕೆ ನಾಟಕ, ಸಮಾರಂಭ ಅಂತ ಹೋಗದವರು ಕಡಿಮೆ. ಆ ಹೆಸರಿನ ಪಂಡಿತರು ಹುಟ್ಟಿದ್ದು 1916ರಲ್ಲಿ ಇದೇ ಊರಲ್ಲಿ. ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್ ಬರೆದರು. ಅವರು ಬಿಡಿಸಿದ ಪುರಾಣದ ದೇವ–ದೇವಿಯರು ಕ್ಯಾಲೆಂಡರ್ ಮೂಲಕ ದೇಶದ ಮನೆ, ಅಂಗಡಿಗಳ ಗೋಡೆ ಸೇರಿದರು. 1993ರಲ್ಲಿ ತೀರಿಕೊಂಡರು. ಎಂ.ಎಂ.ಕೆ. ದೃಶ್ಯಕಲಾ ಮಹಾವಿದ್ಯಾಲಯ, ಐಡಿಯಲ್ ಫೈನ್ ಆರ್ಟ್ ಸಂಸ್ಥೆಯಂಥ ಕಡೆ ಓದಿದ ಕಲಾವಿದರೂ ಈ ಭಾಗದಲ್ಲಿ ಬಹಳ ಮಂದಿ.

ಹಿಂಗಾಗಿ ನಮ್ಮ ಜನರ ಲೆಕ್ಕದಲ್ಲಿ ಚಿತ್ರ ಅಂದ್ರೆ ಕಣ್ಣು, ಮೂಗು, ಕೈ ಬೆರಳು ತದ್ವತ್ ಬರಬೇಕು. ಬರದಿದ್ದರೆ ಅದು ಚಿತ್ರವೇ ಅಲ್ಲ. ಶಾಲೆಯಲ್ಲಿ ಬಿಡಿಸಿದ ಆಕಳು ನಾಯಿಯ ಹಾಗೆ ಕಂಡಿತು ಅಂತ ಗೆಳೆಯರು ನಕ್ಕರೆ ಹುಡುಗ ಅವತ್ತೇ ಪೆನ್ಸಿಲ್ ಇಡುತ್ತಾನೆ. ಮುಂದೆ ನಲವತ್ತು ವರ್ಷ ಮುಟ್ಟುವುದಿಲ್ಲ.

ಪಂಡಿತರಂಥವರ ಚಿತ್ರಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಲ್ಲಿ ಹೇಳುತ್ತಿರುವುದು ಬೇರೆ ಕೆಲಸ. ಅಡುಗೆ ಭಟ್ಟರ ಹಾಗೆ ಅಡುಗೆ ಬರುವುದಿಲ್ಲ ಅಂತ ಯಾರೂ ಉಪವಾಸ ಇರಲ್ಲ. ಹಾಡು ಬರದವರೂ ಸ್ನಾನ ಮಾಡುವಾಗ ಗುನುಗುತ್ತಾರೆ. ಗೆರೆ ಎಳೆಯೋದೂ ಹಂಗೇ. ಮಾರೋದಕ್ಕಲ್ಲ, ತೋರಿಸೋದಕ್ಕಲ್ಲ. ತನಗಾಗಿ.

ಕೌದಿಯಲ್ಲಿ ಇರೋದು ಇದೇ

ನಿಜ ಹೇಳಬೇಕಂದ್ರೆ ಅಮೂರ್ತ ಚಿತ್ರ ನಮ್ಮ ಮನೆಗಳಿಗೆ ಹೊಸದಲ್ಲ. ಅದನ್ನು ಚಿತ್ರ ಅಂತ ಯಾರೂ ಕರೆದಿಲ್ಲ ಅಷ್ಟೇ.

ಅಮ್ಮಂದಿರು, ಅಜ್ಜಿಯರು ಹೊಲಿದ ಕೌದಿ ಬಿಚ್ಚಿ ನೋಡಿ. ಹಳೇ ಸೀರೆ, ಧೋತರ, ಅಂಗಿ ತುಂಡು. ಕೆಂಪಿನ ಪಕ್ಕ ಹಸಿರು, ನಡುವೆ ಒಂದು ಹಳದಿ ಚೌಕ. ಅದರಲ್ಲಿ ಹೂವಿಲ್ಲ, ನವಿಲಿಲ್ಲ, ಆದರೂ ಯಾವ ತುಂಡು ಎಲ್ಲಿ ಕೂಡಬೇಕು ಎಂದು ಹೊಲಿದವರಿಗೆ ಗೊತ್ತಿತ್ತು. ಒಂದೊಂದೇ ಹೊಲಿಗೆ ಹಾಕುತ್ತಾ ಮಧ್ಯಾಹ್ನಗಳನ್ನು ಕಳೆದರು. ಮನಸ್ಸಿನಲ್ಲಿ ಇದ್ದದ್ದು ಆ ಹೊತ್ತಿನಲ್ಲಿ ಇಳಿದು ಹೋಗುತ್ತಿತ್ತು. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿದ ಇಂಥ ಕೌದಿಗಳು ಅಮೆರಿಕದಲ್ಲಿ ಕಲಾಕೃತಿಗಳಾಗಿ ಪ್ರದರ್ಶನ ಕಂಡಿವೆ.

ಕಮಲಾಪುರ ತಾಲೂಕಿನ ತಾಂಡಾಗಳಲ್ಲಿ ಲಂಬಾಣಿ ಹಿರಿಯ ಹೆಣ್ಣುಮಕ್ಕಳ ಉಡುಗೆಯಲ್ಲೂ ಇದೇ ಕಾಣುತ್ತದೆ. ಕನ್ನಡಿ ಚೂರು, ಕವಡೆ, ಚೌಕ, ತ್ರಿಕೋನ, ಸಾಲು ಹೊಲಿಗೆ. ಬೆಳಗ್ಗೆ ಬಾಗಿಲ ಮುಂದೆ ಹಾಕುವ ಚುಕ್ಕಿ ರಂಗೋಲಿಯೂ ಅಷ್ಟೇ. ಚುಕ್ಕಿ ಎಣಿಸುವಾಗ ತಲೆಯಲ್ಲಿ ಬೇರೆ ವಿಚಾರ ಬಂದರೆ ಲೆಕ್ಕ ತಪ್ಪುತ್ತದೆ. ಹಂಗಾಗಿ ಆ ಐದು ನಿಮಿಷ ಮನಸ್ಸು ಅಲ್ಲೇ ಇರಬೇಕು. ಸಂಜೆಗೆ ಅದು ಅಳಿಸಿ ಹೋಗುತ್ತದೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಾಳೆ ಮತ್ತೆ ಹಾಕುತ್ತಾರೆ.

ಗಂಡಸರಿಗೆ, ಅದರಲ್ಲೂ ದಿನವಿಡೀ ಗಲ್ಲೆಯ ಮೇಲೆ ಕೂರುವವರಿಗೆ, ಇಂಥದ್ದೊಂದು ಕೈಕೆಲಸ ಇಲ್ಲ. ಬಿಡುವು ಸಿಕ್ಕರೆ ಕೈಗೆ ಬರುವುದು ಮೊಬೈಲ್.

ಆಕಾರ ಇಲ್ಲದ್ದನ್ನು ನೋಡುವ ಊರು

ಏನನ್ನೂ ಹೋಲದ ರೂಪದ ಮೇಲೆ ದೃಷ್ಟಿ ನಿಲ್ಲಿಸಿ ಒಳಗೆ ಹೋಗುವುದು ಈ ನೆಲಕ್ಕೆ ಹಳೆಯ ಪಾಠ. ಶರಣಬಸವೇಶ್ವರರ ಈ ಊರಲ್ಲಿ ಇಷ್ಟಲಿಂಗ ಪೂಜೆ ಗೊತ್ತಿಲ್ಲದವರಿಲ್ಲ. ಅಂಗೈ ಮೇಲಿನ ಲಿಂಗಕ್ಕೆ ಮುಖ ಇಲ್ಲ, ಕೈ ಕಾಲು ಇಲ್ಲ. ಅದರ ಮೇಲೆ ನೋಟ ನೆಡುವುದೇ ಸಾಧನೆ. ಕೋಟೆಯ ಒಳಗೆ 1367ರ ಜಾಮಾ ಮಸೀದಿಯಲ್ಲಿ ನಿಂತರೆ ಕಾಣುವುದು ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಇನ್ನೊಂದು ಕಮಾನು. ಒಂದೂ ಚಿತ್ರವಿಲ್ಲ, ಆದರೂ ದನಿ ತಾನಾಗಿ ತಗ್ಗುತ್ತದೆ. ಸನ್ನತಿ ಪಕ್ಕದ ಕನಗನಹಳ್ಳಿ ಸ್ತೂಪದ ಅನೇಕ ಫಲಕಗಳಲ್ಲಿ ಬುದ್ಧನ ಬದಲು ಚಕ್ರ, ಪಾದ, ಖಾಲಿ ಪೀಠಗಳನ್ನು ಕೆತ್ತಿದ್ದಾರೆ.

ಇವುಗಳಲ್ಲಿ ಯಾವುದೂ ಆಧುನಿಕ ಚಿತ್ರಕಲೆ ಅಲ್ಲ, ಪೂಜೆಯನ್ನೂ ಚಿತ್ರವನ್ನೂ ಒಂದೇ ಅನ್ನೋ ಮಾತೂ ಅಲ್ಲ. ‘ಇದು ಏನರ ಹಂಗ ಕಾಣಬೇಕಲ್ಲ’ ಅನ್ನೋ ಹಟ ನಮ್ಮ ಹಿರಿಯರಿಗೆ ಇರಲಿಲ್ಲ ಅನ್ನೋದಷ್ಟೇ ಮಾತು.

ಮೇಷ್ಟ್ರು ಹಾಕಿದ ಒಂದು ಚುಕ್ಕಿ

ದೇಶದ ಹೆಸರಾಂತ ಅಮೂರ್ತ ಕಲಾವಿದ ಎಸ್.ಎಚ್. ರಝಾ 1922ರಲ್ಲಿ ಮಧ್ಯಪ್ರದೇಶದ ಮಂಡ್ಲಾ ಜಿಲ್ಲೆಯ ಒಂದು ಕಾಡಂಚಿನ ಹಳ್ಳಿಯಲ್ಲಿ ಹುಟ್ಟಿದರು. ಚಿಕ್ಕವರಿದ್ದಾಗ ಕ್ಲಾಸಿನಲ್ಲಿ ಇವರ ಗಮನ ನಿಲ್ಲುತ್ತಿರಲಿಲ್ಲ. ಹೆಡ್‌ಮಾಸ್ತರರು ಒಂದು ದಿನ ಶಾಲೆಯ ಗೋಡೆ ಮೇಲೆ ಚುಕ್ಕಿ ಹಾಕಿ, ಅದನ್ನೇ ನೋಡುತ್ತಾ ಕೂರು ಎಂದರು. ರಝಾ ಮುಂದೆ 1950ರಲ್ಲಿ ಫ್ರಾನ್ಸ್‌ಗೆ ಹೋದರು, ಹೆಸರು ಮಾಡಿದರು. ಆದರೆ ನಡುವಯಸ್ಸು ದಾಟಿದ ಮೇಲೆ ಅವರು ಮತ್ತೆ ಮತ್ತೆ ಬಿಡಿಸಿದ್ದು ಆ ಚುಕ್ಕಿಯನ್ನೇ. ‘ಬಿಂದು’ ಎಂದೇ ಆ ಚಿತ್ರಗಳಿಗೆ ಹೆಸರು. 2016ರಲ್ಲಿ ತೀರಿಕೊಳ್ಳುವವರೆಗೂ ಬಿಂದು ಅವರ ಕೈ ಬಿಡಲಿಲ್ಲ.

ಇನ್ನೊಬ್ಬರು ವಿ.ಎಸ್. ಗಾಯತೊಂಡೆ. ಝೆನ್ ಬೌದ್ಧ ಚಿಂತನೆಯಲ್ಲಿ ಆಸಕ್ತಿ ಇದ್ದವರು. ಅವರ ಚಿತ್ರ ಈಗ ಹರಾಜಿನಲ್ಲಿ ಹತ್ತಾರು ಕೋಟಿಗೆ ಹೋಗುತ್ತದೆ. ಆದರೆ ಅವರು ಬಿಡಿಸುತ್ತಿದ್ದದ್ದು ವರ್ಷಕ್ಕೆ ಬೆರಳೆಣಿಕೆಯಷ್ಟು. ಉಳಿದ ಹೊತ್ತು ಸುಮ್ಮನೆ ಕೂತು ನೋಡುವುದು, ಯೋಚಿಸುವುದು.

ಬಿಲ್ ಬುಕ್ ಗೀಚಿಗೆ ಎಲ್ಲಕ್ಕಿಂತ ಹತ್ತಿರದ ಉದಾಹರಣೆ ರವೀಂದ್ರನಾಥ ಟಾಗೋರರು. ಕವಿತೆ ಬರೆಯುವಾಗ ಬೇಡವಾದ ಸಾಲು ಹೊಡೆದು ಹಾಕುತ್ತಿದ್ದರು. ಆ ಕಾಟುಗಳನ್ನು ಒಂದಕ್ಕೊಂದು ಜೋಡಿಸುತ್ತಾ ಹೋದರೆ ಏನೋ ಆಕಾರ ಬರುತ್ತಿತ್ತು. ಚಿತ್ರಕಲೆಯ ಕ್ರಮಬದ್ಧ ಶಿಕ್ಷಣ ಅವರಿಗಿರಲಿಲ್ಲ. ಅರವತ್ತು ದಾಟಿದ ಮೇಲೆ ಹೀಗೆ ಶುರುವಾದದ್ದು, 1930ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನ ಆಯಿತು. ಕೊನೆಗೆ ಎರಡು ಸಾವಿರಕ್ಕೂ ಹೆಚ್ಚು ಚಿತ್ರ ಬಿಟ್ಟುಹೋದರು. ಶುರುವಾದದ್ದು ಮಾತ್ರ ಕಾಟು ಹೊಡೆದ ಗೆರೆಯಿಂದ.

ಪರೀಕ್ಷೆ ಏನು ಹೇಳುತ್ತದೆ?

ಒತ್ತಡ ಇದ್ದಾಗ ದೇಹದಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನ್ ಏರುತ್ತದೆ. ಜೊಲ್ಲಿನಲ್ಲೂ ಅದನ್ನು ಅಳೆಯಬಹುದು. 2016ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 39 ಮಂದಿ ವಯಸ್ಕರಿಗೆ ಸ್ಕೆಚ್ ಪೆನ್, ಮಣ್ಣು, ಅಂಟಿಸುವ ಕಾಗದ ಕೊಟ್ಟು 45 ನಿಮಿಷ ಏನು ಬೇಕಾದರೂ ಮಾಡಿ ಎಂದರು. ಮೊದಲು, ಆಮೇಲೆ ಜೊಲ್ಲು ಪರೀಕ್ಷಿಸಿದರು. ಸುಮಾರು 75 ಶೇಕಡಾ ಮಂದಿಯಲ್ಲಿ ಕಾರ್ಟಿಸೋಲ್ ಇಳಿದಿತ್ತು. ಮೊದಲೇ ಚಿತ್ರ ಮಾಡಿ ರೂಢಿ ಇದ್ದವರಿಗೂ ಇಲ್ಲದವರಿಗೂ ಹೇಳಿಕೊಳ್ಳುವಂಥ ಫರಕು ಬರಲಿಲ್ಲ.

2009ರಲ್ಲಿ ಬ್ರಿಟನ್ನಿನ ಜಾಕಿ ಆಂಡ್ರೇಡ್ ಎಂಬ ಮನೋವಿಜ್ಞಾನಿ 40 ಮಂದಿಗೆ ಬೇಸರ ತರಿಸುವ ಒಂದು ಫೋನ್ ಸಂದೇಶ ಕೇಳಿಸಿದರು. ಅರ್ಧ ಮಂದಿಗೆ ಕೇಳುತ್ತಲೇ ಕಾಗದದ ಮೇಲಿನ ಆಕಾರಗಳಿಗೆ ಪೆನ್ಸಿಲ್ ತುಂಬಲು ಹೇಳಿದರು. ಗೀಚಿದವರಿಗೆ ಸಂದೇಶದ ವಿವರ 29 ಶೇಕಡಾ ಹೆಚ್ಚು ನೆನಪಿತ್ತು. ಅಂದ್ರೆ ಕೈ ಗೀಚುತ್ತಿದ್ದರೆ ಗಮನ ಹೋಯಿತು ಅಂತ ಯಾವಾಗಲೂ ತಿಳಿಯಬೇಕಿಲ್ಲ.

ಇವು ಸಣ್ಣ ಪರೀಕ್ಷೆಗಳು ಎಂಬುದು ನೆನಪಿರಲಿ. ಮೊದಲನೆಯದರಲ್ಲಿ ಚಿತ್ರ ಮಾಡದೆ ಸುಮ್ಮನೆ ಕೂತವರ ಜತೆ ಹೋಲಿಸಿಲ್ಲ. ಎಲ್ಲರಲ್ಲೂ ಇಳಿದಿಲ್ಲ ಕೂಡ. ಆದ್ದರಿಂದ ‘ಚಿತ್ರ ಬಿಡಿಸಿದ್ರೆ ಬಿಪಿ, ಶುಗರ್ ಹೋಗುತ್ತೆ’ ಅಂತ ವಾಟ್ಸಾಪ್‌ನಲ್ಲಿ ಬಂದರೆ ನಂಬಬೇಡಿ.

ಮಾಡೋದು ಹೇಗೆ?

ಬೇಕಾದದ್ದು: ಒಂದು ಕಡೆ ಖಾಲಿ ಇರುವ ಹಾಳೆ, ಒಂದು ಪೆನ್, ಮಕ್ಕಳ ಕ್ರೇಯಾನ್ ಎರಡು ಮೂರು. ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತು, ಇಲ್ಲವೇ ರಾತ್ರಿ ಶೆಟರ್ ಎಳೆದ ಮೇಲಿನ 20 ನಿಮಿಷ ಸಾಕು.

1. ಫೋನ್ ಸೈಲೆಂಟ್ ಮಾಡಿ ಉಲ್ಟಾ ಇಡಿ. ಐದು ಸಲ ಉಸಿರು ಒಳಗೆ ಹೋಗಿ ಹೊರಗೆ ಬರುವುದನ್ನು ಗಮನಿಸಿ. ಎಳೆದು ಬಿಡಬೇಕಿಲ್ಲ, ಹೆಂಗಿದೆಯೋ ಹಂಗೆ.

2. ಹಾಳೆಯಲ್ಲಿ ಎಲ್ಲಾದರೂ ಒಂದು ಚುಕ್ಕಿ ಇಡಿ. ಅಲ್ಲಿಂದ ಪೆನ್ ಎತ್ತದೆ ಒಂದು ಗೆರೆ ಎಳೆಯಿರಿ, ಆದಷ್ಟು ನಿಧಾನವಾಗಿ. ಎಲ್ಲಿಗೆ ಹೋಗಬೇಕು ಎಂದು ಮೊದಲೇ ನಿರ್ಧರಿಸಬೇಡಿ.

3. ಗೆರೆಗಳು ಒಂದನ್ನೊಂದು ದಾಟಿದಾಗ ನಡುವೆ ಜಾಗ ಆಗುತ್ತದೆ. ಆ ಜಾಗಗಳಿಗೆ ಬಣ್ಣ ತುಂಬಿ. ಕೈಗೆ ಯಾವುದು ಹೋಗುತ್ತದೋ ಆ ಬಣ್ಣ.

4. ‘ಛೇ, ಕೆಟ್ಟಿತು’ ಅನ್ನಿಸುತ್ತದೆ. ಅನ್ನಿಸಲಿ. ಅಳಿಸಬೇಡಿ. ಟಾಗೋರರ ಹಾಗೆ ಆ ತಪ್ಪನ್ನೇ ಪಕ್ಕದ ಗೆರೆಗೆ ಜೋಡಿಸಿ ಮುಂದೆ ಹೋಗಿ. ಬ್ಯಾಂಕ್ ಕಂತು, ತೊಗರಿ ರೇಟು ನೆನಪಿಗೆ ಬಂದರೆ ‘ಬಂತು’ ಅಂದುಕೊಂಡು ಮತ್ತೆ ಪೆನ್ನಿನ ತುದಿ ನೋಡಿ. ನೂರು ಸಲ ಬಂದರೆ ನೂರು ಸಲ ವಾಪಸ್. ಅಭ್ಯಾಸ ಅಂದ್ರೆ ಆ ವಾಪಸ್ ಬರೋದೇ.

5. ಬೇರೆ ಏನೂ ಹೊಳೆಯದಿದ್ದರೆ ಮುಂದೆ ಇರುವ ಒಂದು ವಸ್ತು ಇಟ್ಟುಕೊಳ್ಳಿ. ತೊಗರಿ ಕಾಳು, ಒಣ ಮೆಣಸಿನಕಾಯಿ, ಕೆಂಪು ಬಾಳೆ. ಆಕಾರ ಬೇಡ, ಅದರ ಬಣ್ಣಗಳು ಮಾತ್ರ.

6. ಮುಗಿದ ಮೇಲೆ ಹಾಳೆಯನ್ನು ಗೋಡೆಗೆ ಆನಿಸಿ ದೂರದಿಂದ ಎರಡು ನಿಮಿಷ ನೋಡಿ. ಹಿಂಬದಿಯಲ್ಲಿ ತಾರೀಖು, ಒಂದು ಸಾಲು ಬರೆಯಿರಿ. ಅಷ್ಟೇ.

ನೋಡಿಕೊಳ್ಳೋದು ಹೇಗೆ?

ಆತ್ಮಾವಲೋಕನ ಅನ್ನೋ ದೊಡ್ಡ ಮಾತು ಇಲ್ಲಿ ಬರುತ್ತದೆ. ಅದಕ್ಕೆ ದೊಡ್ಡ ಪ್ರಶ್ನೆ ಬೇಕಿಲ್ಲ. ಗೆರೆ ಎಲ್ಲಿ ಗಟ್ಟಿಯಾಗಿ ಒತ್ತಿದೆ? ಎಲ್ಲಿ ಅವಸರ ಆಯಿತು? ಎಲ್ಲಿ ಕೈ ನಿಂತಿತು? ಆಗ ತಲೆಯಲ್ಲಿ ಏನಿತ್ತು? ಇಷ್ಟು ಸಾಕು.

ಕಪ್ಪು ಬಣ್ಣ ಹಚ್ಚಿದ್ರೆ ದುಃಖ, ಕೆಂಪು ಅಂದ್ರೆ ಸಿಟ್ಟು ಅಂತ ಯಾರಾದರೂ ಅರ್ಥ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದು ರಾಶಿಫಲ ಓದಿದ ಹಾಗೆ. ಕಪ್ಪು ಕ್ರೇಯಾನ್ ಒಂದೇ ಸಿಕ್ಕಿತ್ತು ಅನ್ನೋದೂ ಕಾರಣ ಇರಬಹುದು. ಅರ್ಥ ಬಿಡಿಸಿದವರಿಗೆ ಮಾತ್ರ ಗೊತ್ತು, ಕೆಲವು ಸಲ ಅವರಿಗೂ ತಿಂಗಳ ಮೇಲೆ ಗೊತ್ತಾಗುತ್ತದೆ.

ಹಂಗಾಗಿ ಹಾಳೆಗಳನ್ನು ಒಂದು ಫೈಲಿನಲ್ಲಿ ಇಡುವುದು ಒಳ್ಳೆಯದು. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ಸೇನಾ ಸೇವೆಯಲ್ಲಿದ್ದಾಗ ಪ್ರತಿದಿನ ಬೆಳಗ್ಗೆ ನೋಟ್‌ಬುಕ್ಕಿನಲ್ಲಿ ಒಂದು ಸಣ್ಣ ಚಕ್ರದ ಚಿತ್ರ ಬಿಡಿಸುತ್ತಿದ್ದರು. ಒಂದು ಚಿತ್ರದಿಂದ ಏನೂ ತಿಳಿಯದಿದ್ದರೂ ದಿನದಿಂದ ದಿನಕ್ಕೆ ಆಗುವ ಬದಲಾವಣೆಯಲ್ಲಿ ಅವರಿಗೆ ತಮ್ಮ ಒಳಗಿನ ಸ್ಥಿತಿ ಕಾಣುತ್ತಿತ್ತು. ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ದಿನದ ಗಲ್ಲೆ ನೋಡಿ ವ್ಯಾಪಾರ ಹೆಂಗಿದೆ ಅಂತ ಯಾರೂ ಹೇಳಲ್ಲ. ಮೂರು ತಿಂಗಳ ಖಾತೆ ನೋಡಿದರೆ ತಾನೇ ತಿಳಿಯುತ್ತದೆ.

ಇದು ಔಷಧ ಅಲ್ಲ

ಗೆರೆ ಎಳೆದರೆ ಸಾಲ ತೀರುವುದಿಲ್ಲ. ಬೆಳೆ ಹಾನಿ ಪರಿಹಾರ ಬರುವುದಿಲ್ಲ. ಆ ಸಮಸ್ಯೆಗೆ ಬೇರೆ ಬಾಗಿಲು ತಟ್ಟಲೇಬೇಕು. ಆದರೆ ಬಾಗಿಲು ತಟ್ಟುವಾಗ ತಲೆ ತುಸು ತಣ್ಣಗಿದ್ದರೆ ಮಾತು ನೆಟ್ಟಗೆ ಬರುತ್ತದೆ, ಮನೆಯವರ ಮೇಲೆ ಹಾಯುವುದು ಕಡಿಮೆ ಆಗುತ್ತದೆ. ಇದರ ಲಾಭ ಅಷ್ಟು.

ಕೆಲವರಿಗೆ ಸುಮ್ಮನೆ ಕೂತರೆ ಹಳೇ ನೋವು ಮೇಲೆದ್ದು ಬರುತ್ತದೆ, ಇನ್ನೂ ಕಷ್ಟ ಆಗುತ್ತದೆ. ಹಂಗಾದರೆ ನಿಲ್ಲಿಸಿ, ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ಹತ್ತಿರದವರ ಜತೆ ಮಾತಾಡಿ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಬದುಕೋದೇ ಬೇಡ ಅನ್ನಿಸುತ್ತದೆ ಎಂದರೆ ಅದು ಹಾಳೆ–ಪೆನ್ನಿನಲ್ಲಿ ಮುಗಿಯುವ ಮಾತಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ದಿನದ 24 ಗಂಟೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣುವುದರಲ್ಲಿ ನಾಚಿಕೆ ಏನಿಲ್ಲ. ಹಲ್ಲು ನೋವಿಗೆ ಹೋಗುವುದಿಲ್ಲವೇ?

ಉಳಿದವರಿಗೆ ಒಂದೇ ಮಾತು. ನಾಳೆ ಫೋನಿನಲ್ಲಿ ಮಾತಾಡುತ್ತಾ ಬಿಲ್ ಬುಕ್ಕಿನ ಹಿಂದೆ ಗೀಚಿದ ಹಾಳೆಯನ್ನು ತಕ್ಷಣ ಹರಿಯಬೇಡಿ. ಒಂದು ನಿಮಿಷ ನೋಡಿ. ‘ಇದು ಏನು ತೆಗ್ದೀರಿ ಸಾವ್ಕಾರ?’ ಅಂತ ಕೆಲಸದ ಹುಡುಗ ಕೇಳಿದರೆ, ‘ಏನೂ ಇಲ್ಲಪ’ ಅಂದರೆ ನಡೆಯುತ್ತದೆ. ಅವನ ಕೈಗೂ ಒಂದು ಹಾಳೆ, ಒಂದು ಪೆನ್ ಕೊಡಿ.